ಗಿರಣಿ ಬಂತು, ನವಣಿ ಕೊಳ್ಳಲು ರೊಕ್ಕ ಎಲ್ಲಿದೆ?

ಸಿರಿಧಾನ್ಯದ ಹೊಟ್ಟು ಬಿಡಿಸುವ ಸಣ್ಣ ಗಿರಣಿಯ ಮೈಮೇಲೆ ‘ತಾಸಿಗೆ 200 ಕಿಲೋ’ ಎಂದು ಬರೆದಿರುತ್ತದೆ. ಹರಳು, ಕಡ್ಡಿ ತೆಗೆದು, ಒಂದು ಸಲಕ್ಕೆ ಹೊಟ್ಟು ಬಿಡದ ಕಾಳನ್ನು ಮತ್ತೊಮ್ಮೆ ಹಾಯಿಸಿ, ನುಚ್ಚು ಬೇರೆ ಮಾಡುವ ಹೊತ್ತಿಗೆ ಕೈಗೆ ಹತ್ತುವುದು ತಾಸಿಗೆ 100 ಕಿಲೋ ಲೆಕ್ಕ. ದಿನಕ್ಕೆ ಆರು ತಾಸು ಕರೆಂಟು ಸಿಕ್ಕರೆ ಆರು ಕ್ವಿಂಟಲ್. ಕುಂದಗೋಳ ಕಡೆಯ ಮಹಿಳಾ ಸಂಘವೊಂದು ಸುಗ್ಗಿಯಲ್ಲಿ 100 ಕ್ವಿಂಟಲ್ ನವಣಿ ಕೊಂಡಿತು ಎನ್ನಿ. ಹದಿನೇಳು ದಿನಕ್ಕೆ ಗಿರಣಿಯ ಕೆಲಸ ಮುಗಿಯಿತು. ವರ್ಷದ ಉಳಿದ ದಿನವೆಲ್ಲ ಅದರ ಮೇಲೆ ತಾಡಪತ್ರಿ.

ಅದೇ ಗಿರಣಿ ವರ್ಷಕ್ಕೆ 200 ದಿನ ಓಡಬೇಕೆಂದರೆ 1,200 ಕ್ವಿಂಟಲ್ ಕಾಳು ಬೇಕು. ಕ್ವಿಂಟಲ್‌ಗೆ 3,500 ರೂಪಾಯಿ ಎಂದು ಹಿಡಿದರೂ 42 ಲಕ್ಷ. ನವಣಿ ವರ್ಷಕ್ಕೊಮ್ಮೆ ಬರುವ ಬೆಳೆ. ಸುಗ್ಗಿ ಮುಗಿದು ತಿಂಗಳೊಳಗೆ ಕೊಳ್ಳದಿದ್ದರೆ ಕಾಳು ದಲಾಲಿ ಅಂಗಡಿ ಸೇರಿಬಿಡುತ್ತದೆ. ಹಾಗಾಗಿ ಈ 42 ಲಕ್ಷವನ್ನು ಕಂತಿನಲ್ಲಿ ಹೊಂದಿಸುತ್ತೇನೆ ಎನ್ನಲು ಬರುವುದಿಲ್ಲ. ಗಿರಣಿಗೆ ಸಹಾಯಧನ ಕೊಡಲು ಸರ್ಕಾರವಿದೆ, ಕಂಪನಿಗಳಿವೆ, ದಾನಿಗಳಿದ್ದಾರೆ. ಉದ್ಘಾಟನೆಗೆ ರಿಬ್ಬನ್ ಕಟ್ಟಲು ಗಿರಣಿಯ ಬಾಗಿಲಾದರೂ ಇರುತ್ತದೆ. ಕಾಳಿನ ಚೀಲಕ್ಕೆ ರಿಬ್ಬನ್ ಕಟ್ಟಿದವರನ್ನು ಯಾರೂ ಕಂಡಿಲ್ಲ.

ಸಾಮಾಜಿಕ ಉದ್ಯಮ ಎಂದರೆ ಏನು, ಅದು ಆರ್ಥಿಕತೆಗೆ ಏನು ಕೊಡುತ್ತದೆ ಎಂಬ ಚರ್ಚೆ ಹುಬ್ಬಳ್ಳಿ, ಧಾರವಾಡದ ಕಾರ್ಯಾಗಾರಗಳಲ್ಲಿ ಈಚೆಗೆ ಬಹಳ ನಡೆಯುತ್ತಿದೆ. ಹೊಸ ಆಲೋಚನೆ, ತರಬೇತಿ, ಬ್ರ್ಯಾಂಡು, ಪೊಟ್ಟಣದ ಬಣ್ಣ ಎಲ್ಲದರ ಮಾತೂ ಆಗುತ್ತದೆ. ತರಬೇತಿಗೆ ಇಲ್ಲಿ ಕೊರತೆಯೂ ಇಲ್ಲ. ಉದ್ಯಮಿ ಗುರುರಾಜ ದೇಶಪಾಂಡೆ ಅವರ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಹದಿನೈದು ವರ್ಷದ ಮೇಲಾಯಿತು. ಕಡಿಮೆ ಬೀಳುವುದು ಸುಗ್ಗಿಗೂ ಮಾರಾಟಕ್ಕೂ ನಡುವಿನ ಆರೇಳು ತಿಂಗಳನ್ನು ದಾಟಿಸುವ ಹಣ. ಈ ಭಾಗದ ಸಂಘಗಳು, ಬೆಳೆಯುವವರೇ ಷೇರುದಾರರಾದ ಉತ್ಪಾದಕ ಕಂಪನಿಗಳು ಎಲ್ಲಿ ನಿಂತವು, ಎಲ್ಲಿ ಕುಸಿದವು ಎಂದು ಹುಡುಕುತ್ತ ಹೋದರೆ ಹೆಚ್ಚು ಸಲ ಕಾಲಿಗೆ ತೊಡರುವುದು ಇದೇ ಕಲ್ಲು.

ವ್ಯಾಖ್ಯೆಯ ಮಾತು ಬೇಗ ಮುಗಿಸೋಣ. ಲಾಭ ಮಾಡಬೇಕು, ಆದರೆ ಲಾಭವೊಂದೇ ಗುರಿಯಲ್ಲ. ಸರಕು ಬೆಳೆದವರು, ನೇಯ್ದವರು, ಕೊಂಡವರು ಇವರಲ್ಲಿ ಯಾರಿಗಾದರೂ ಪೇಟೆ ಕೊಡದ ಅನುಕೂಲ ಸಿಗಬೇಕು. ನಮ್ಮಲ್ಲಿ ‘ಸಾಮಾಜಿಕ ಉದ್ಯಮ’ಕ್ಕೆಂದೇ ಬೇರೆ ಕಾಯ್ದೆ ಇಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ 2022ರಲ್ಲಿ ಸಾಮಾಜಿಕ ಷೇರುಪೇಟೆಗಾಗಿ, ಅಂದರೆ ಇಂಥ ಸಂಸ್ಥೆಗಳು ಹಣ ಎತ್ತುವ ಕಟ್ಟೆಗಾಗಿ, ಮಾಡಿದ ನಿಯಮದಲ್ಲಿ ಮಾತ್ರ ಒಂದು ಅಳತೆಗೋಲಿದೆ: ಆದಾಯ, ವೆಚ್ಚ ಅಥವಾ ಫಲಾನುಭವಿಗಳ ಪೈಕಿ ಒಂದರಲ್ಲಾದರೂ ಶೇ 67ರಷ್ಟು ಪಾಲು ಹಿಂದುಳಿದ ಜನರಿಗೆ ಅಥವಾ ಪ್ರದೇಶಕ್ಕೆ ಸಲ್ಲಬೇಕು. ಅದರ ಹೊರಗೆ ಟ್ರಸ್ಟು, 1960ರ ಕಾಯ್ದೆಯ ಸಂಘ, 1959ರ ಕಾಯ್ದೆಯ ಸಹಕಾರಿ, 1997ರ ಕಾಯ್ದೆಯ ಸೌಹಾರ್ದ ಸಹಕಾರಿ, ಲಾಭ ಹಂಚದ ಸೆಕ್ಷನ್ 8 ಕಂಪನಿ, ಉತ್ಪಾದಕ ಕಂಪನಿ ಹೀಗೆ ಯಾವ ಅಂಗಿ ತೊಟ್ಟರೂ ಒಳಗಿನ ಮನುಷ್ಯ ಅವನೇ.

ಆ ಮನುಷ್ಯ ಈ ಸೀಮೆಗೆ ಹೊಸಬನಲ್ಲ. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ಶಾಲಾ ಪುಸ್ತಕದಲ್ಲಿ ಓದಿ ಅಲ್ಲಿಗೇ ಬಿಡುತ್ತೇವೆ. ಗಮನಿಸಬೇಕಾದ್ದು ಆ ಸಂಘದ ಹೆಸರಿನಲ್ಲೇ ಇದೆ: ಪತ್ತು. ಅದು ಎಣ್ಣೆ ಗಾಣ ತರಲಿಲ್ಲ, ಹತ್ತಿ ಜಿನ್ನು ಹಾಕಲಿಲ್ಲ. ಬಿತ್ತನೆಗೂ ಸುಗ್ಗಿಗೂ ನಡುವೆ ಸಾಹುಕಾರನ ಬಡ್ಡಿಗೆ ಸಿಕ್ಕುವ ತಿಂಗಳುಗಳಿಗೆ ಹಣ ಹೊಂದಿಸಿತು. ಬೆಳೆಯುವವನ ಕಡೆಯ ಆ ತೊಡಕು ಅಂದಿನಿಂದ ಒಂದಿಷ್ಟು ಸಡಿಲಾಗಿದೆ. ಬೆಳೆದದ್ದನ್ನು ಕೊಂಡು ಹಸನು ಮಾಡುವವನ ಕಡೆಯ ತೊಡಕಿಗೆ ಮಾತ್ರ ನೂರಿಪ್ಪತ್ತು ವರ್ಷದ ನಂತರವೂ ಅಂಥದೊಂದು ಸಂಘ ಹುಟ್ಟಿಲ್ಲ.

ನವಣಿ ಲೆಕ್ಕ

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಮೊತ್ತ 10,000 ಡಾಲರ್. 2018ರಲ್ಲಿ ಶುರುವಾದ ಸಂಘ. ಸಾವಯವ ಕೃಷಿಯ ಸಂಸ್ಥೆ ಸಹಜ ಸಮೃದ್ಧ ಬೆನ್ನಿಗೆ ನಿಂತಿತ್ತು. ಸಮುದಾಯ ಬೀಜ ಬ್ಯಾಂಕು, ಮಳೆಯಾಶ್ರಿತ ಹೊಲದಲ್ಲಿ ಸಿರಿಧಾನ್ಯದ ಮಿಶ್ರ ಬೆಳೆ, ಊರಲ್ಲೇ ಸಂಸ್ಕರಣೆ ಈ ಮೂರನ್ನೂ ಒಂದೇ ಕೊಂಡಿಗೆ ಪೋಣಿಸಿದ್ದು ಅವರ ಕೆಲಸದ ಹೆಚ್ಚುಗಾರಿಕೆ. ಸಾವಿ, ನವಣಿ, ಬರಗ, ಹಾರಕ ಇವು ಈ ಕಡೆಯ ಹೊಲಗಳಿಂದ ಹೋದದ್ದಕ್ಕೆ ರುಚಿ ಹೋಯಿತು, ಅಕ್ಕಿ ಬಂತು ಎಂದು ಕಾರಣ ಹೇಳುವುದುಂಟು. ಒರಳು, ಬೀಸುಕಲ್ಲಿನ ಮುಂದೆ ಕೂತು ಹೊಟ್ಟು ಬಿಡಿಸುತ್ತಿದ್ದ ಹೆಂಗಸರ ರಟ್ಟೆ ಸೋತದ್ದು ಅದಕ್ಕಿಂತ ದೊಡ್ಡ ಕಾರಣ. ಹತ್ತಿರದಲ್ಲಿ ಗಿರಣಿಯಿಲ್ಲದ ಕಾಳನ್ನು ಯಾರೂ ಬಿತ್ತುವುದಿಲ್ಲ. ಹಾಗಾಗಿ ಸಣ್ಣ ಗಿರಣಿಯೊಂದು ಹತ್ತು ಹಳ್ಳಿಗಳ ಬೆಳೆ ಪದ್ಧತಿಯನ್ನೇ ತಿರುಗಿಸಬಲ್ಲದು. ಇದು ಸಾಮಾಜಿಕ ಉದ್ಯಮ ಆರ್ಥಿಕತೆಯಲ್ಲಿ ಮಾಡುವ ನಿಜವಾದ ಕೆಲಸ; ಯಾವ ಲಾಭ ನಷ್ಟದ ತಖ್ತೆಯಲ್ಲೂ ಇದು ಕಾಣುವುದಿಲ್ಲ.

ತಖ್ತೆಯಲ್ಲಿ ಕಾಣುವುದನ್ನು ಈಗ ಬರೆಯೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸುವ ಸಲುವಾಗಿ ಹಿಡಿದವು. ನಿಮ್ಮ ಊರಿನ ದರ ಹಾಕಿ ಮತ್ತೊಮ್ಮೆ ಕೂಡಿಸಿಕೊಳ್ಳಿ.

100 ಕ್ವಿಂಟಲ್ ನವಣಿಗೆ 3,50,000 ರೂಪಾಯಿ. ಹಸನು ಮಾಡಿ ಹೊಟ್ಟು ಬಿಡಿಸಲು ಕರೆಂಟು, ಹಮಾಲಿ, ಕೂಲಿ ಸೇರಿ ಕ್ವಿಂಟಲ್‌ಗೆ 400ರಂತೆ 40,000. ಒಳ್ಳೆಯ ಕಾಳಿಗೆ ನವಣಕ್ಕಿ, ಅಂದರೆ ಹೊಟ್ಟು ಬಿಡಿಸಿದ ನವಣಿ, ಇಳುವರಿ ಶೇ 60ರಿಂದ 65. ನಡುವಿನ 62 ಹಿಡಿದರೆ 6,200 ಕಿಲೋ. ಕಿಲೋಕ್ಕೆ ಚೀಲ, ಚೀಟಿಗೆ 5 ರೂಪಾಯಿ, ಸಾಗಣೆಗೆ 4 ರೂಪಾಯಿ. ಎರಡೂ ಸೇರಿ 55,800. ಒಟ್ಟು 4,45,800. ಅಂದರೆ ಕಿಲೋ ನವಣಕ್ಕಿ ಅಂಗಡಿಯ ಬಾಗಿಲು ಮುಟ್ಟುವಾಗ 72 ರೂಪಾಯಿ ಬಿದ್ದಿರುತ್ತದೆ. ಸಗಟಿನಲ್ಲಿ 85ಕ್ಕೆ ಕೊಟ್ಟರೆ 5,27,000 ಬರಬೇಕು. ಮೇಲುಳಿತ 81,200.

ಕಾಗದದ ಮೇಲೆ ಚೆಂದವೇ ಇದೆ. ಇನ್ನು ಇದನ್ನು ತಿನ್ನುವವು ಬರುತ್ತವೆ.

ಮೊದಲನೆಯದು ತೇವ. ಕಾಳು ಕೈಯಲ್ಲಿ ಹಿಡಿದು ‘ಒಣಗ್ಯಾವು’ ಎನ್ನುವುದು ಅಭ್ಯಾಸ. ಶೇ 14 ತೇವದ ನವಣಿಯನ್ನು ಗಿರಣಿಗೆ ಒಗ್ಗುವ ಶೇ 11ಕ್ಕೆ ಒಣಗಿಸಿದರೆ ಕ್ವಿಂಟಲ್‌ಗೆ 3.4 ಕಿಲೋ ತೂಕ ಆವಿಯಾಗುತ್ತದೆ. 100 ಕ್ವಿಂಟಲ್‌ಗೆ 11,800 ರೂಪಾಯಿ ಗಾಳಿಗೆ ಹೋಯಿತು. ಒಣಗಿಸದೆ ಹಾಕಿದರೋ ಹೊಟ್ಟು ಬಿಡದೆ ಕಾಳು ಮತ್ತೆ ಮತ್ತೆ ಹಾಯಬೇಕು, ಹಾಯ್ದಷ್ಟೂ ನುಚ್ಚು ಹೆಚ್ಚು. ತೀರ ಒಣಗಿದ್ದರೂ ಒಡೆಯುತ್ತದೆ. ಕಿಸೆಯಲ್ಲಿ ಹಿಡಿಯುವ ತೇವಮಾಪಕ ಇಲ್ಲದ ಖರೀದಿ ಕೇಂದ್ರ ಮೊದಲ ದಿನವೇ ನಷ್ಟ ಕೊಂಡಿರುತ್ತದೆ. ಎಷ್ಟು ತೇವಕ್ಕೆ ಎಷ್ಟು ದರ ಎಂಬುದನ್ನು ಖರೀದಿಗೆ ಮೊದಲೇ ಗೋಡೆಗೆ ಬರೆಸಬೇಕು. ನಂತರ ಹೇಳಿದರೆ ಜಗಳ. ಅದೂ ಸ್ವಂತ ಸದಸ್ಯರ ಜೊತೆ.

ಎರಡನೆಯದು ಹುಳ ಮತ್ತು ಇಲಿ. ಹತ್ತು ತಿಂಗಳ ದಾಸ್ತಾನಿನಲ್ಲಿ ಶೇ 2 ಹೋದರೆ 7,000. ಹೊಟ್ಟಿನ ಸಮೇತ ಇರುವ ಕಾಳು ತಾಳುತ್ತದೆ. ಹೊಟ್ಟು ಬಿಡಿಸಿದ ಅಕ್ಕಿ ಬೇಗ ಮುಗ್ಗಾಗುತ್ತದೆ. ಅದಕ್ಕೇ ಗಿರಣಿಯನ್ನು 17 ದಿನ ಒಂದೇ ಸಮನೆ ಓಡಿಸಿ ಮುಗಿಸುವುದು ತಪ್ಪು. ಬೇಡಿಕೆ ನೋಡಿ ವಾರಕ್ಕಿಷ್ಟು ಒಡೆಯಬೇಕು. ಆಗ ಕಾಳಿನ ಹಣ ಅಷ್ಟು ದಿನ ಚೀಲದಲ್ಲೇ ಮಲಗಿರುತ್ತದೆ.

ಮಲಗಿದ ಆ ಹಣದ ಬಡ್ಡಿ ಮೂರನೆಯದು. ಸುಗ್ಗಿಯಲ್ಲಿ ಕೊಂಡ ಕಾಳು ಹತ್ತು ತಿಂಗಳಲ್ಲಿ ಸಮವಾಗಿ ಮಾರಿ ಹೋದರೆ ಸರಾಸರಿ ಐದು ತಿಂಗಳ ದಾಸ್ತಾನು. ಅಂಗಡಿಯವರ ಉದ್ರಿ ಇನ್ನೆರಡು ತಿಂಗಳು. ಒಟ್ಟು ಏಳು ತಿಂಗಳಿಗೆ 3.5 ಲಕ್ಷದ ಮೇಲೆ ಶೇ 12ರಂತೆ 24,500 ರೂಪಾಯಿ. ಬ್ಯಾಂಕ್ ಕೊಡದೆ ಕಿರುಸಾಲದ ಕಂಪನಿಯಿಂದ ಶೇ 24ಕ್ಕೆ ತಂದರೆ 49,000. ಮೇಲುಳಿತದ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಆಯಿತು. ತೇವ, ಹುಳ, ಬಡ್ಡಿ ಮೂರನ್ನೂ ಕಳೆದರೆ ಉಳಿಯುವುದು 13,400. ಗಿರಣಿಯ ಸವಕಳಿ, ಕೊಠಡಿ ಬಾಡಿಗೆ, ಲೆಕ್ಕ ಬರೆಯುವವರ ಪಗಾರ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹೀಗಿದ್ದೂ ಇದನ್ನು ನಡೆಸುವುದರಲ್ಲಿ ಅರ್ಥವಿದೆಯೇ? ಇದೆ. ಕಿಲೋ ನವಣಕ್ಕಿಯ ಹಿಂದಿರುವ ಕಾಳಿನ ಬೆಲೆ 56 ರೂಪಾಯಿ. ಕಾಳು ಹಾಗೇ ಲಾರಿ ಹತ್ತಿ ಹೊರರಾಜ್ಯದ ಗಿರಣಿಗೆ ಹೋದರೆ ತಾಲೂಕಿನಲ್ಲಿ ಉಳಿಯುವುದು ಅಷ್ಟೇ. ಊರಲ್ಲೇ ಒಡೆದರೆ ಕೂಲಿ ಮತ್ತು ಮೇಲುಳಿತ ಸೇರಿ 75ರ ಆಸುಪಾಸು ಉಳಿಯುತ್ತದೆ. ಬಡ್ಡಿ ಕೂಡ ಊರಿನ ಸೊಸೈಟಿಗೇ ಹೋದರೆ ಅದೂ ಒಳಗೇ ತಿರುಗುತ್ತದೆ. ಸಾಮಾಜಿಕ ಉದ್ಯಮದ ಪಾತ್ರವನ್ನು ಅಳೆಯಲು ನಮಗೆ ಒಪ್ಪುವ ಅಳತೆ ಇದು: ಗಿರಾಕಿ ಕೊಟ್ಟ ರೂಪಾಯಿಯಲ್ಲಿ ಎಷ್ಟು ಪೈಸೆ ಬೆಳೆದ ಊರಿನಲ್ಲಿ ಉಳಿಯಿತು. ‘ಇಷ್ಟು ಸಾವಿರ ಜನರನ್ನು ತಲುಪಿದೆವು’ ಎಂಬ ವರದಿಗಳಲ್ಲಿ ಈ ಸಾಲು ಹುಡುಕಿದರೂ ಸಿಗುವುದಿಲ್ಲ.

ಒಂದು ಹೋಲಿಕೆ ಇಲ್ಲಿ ಬೇಕು. ಹುಬ್ಬಳ್ಳಿ, ಗದಗದ ಓಣಿಗಳಲ್ಲಿ ಖಡಕ್ ರೊಟ್ಟಿ ಮಾಡುವ ಮನೆಗಳು ಯಾವ ಸಹಾಯಧನವೂ ಇಲ್ಲದೆ ಇಪ್ಪತ್ತು ವರ್ಷ ನಿಂತಿರುವುದು ಹೇಗೆ? ಕಿಲೋ ಹಿಟ್ಟಿಗೆ ಹದಿನೆಂಟು, ಇಪ್ಪತ್ತು ರೊಟ್ಟಿ. ಇಂದು ಕೊಂಡ ಜೋಳ ನಾಳೆ ಹಿಟ್ಟು, ನಾಡಿದ್ದು ರೊಟ್ಟಿ, ಅದರಾಚೆ ದಿನ ಖಾನಾವಳಿಯಿಂದ ರೊಕ್ಕ. ನಾಲ್ಕು ದಿನಕ್ಕೊಮ್ಮೆ ತಿರುಗುವ ಐದು ಸಾವಿರ ರೂಪಾಯಿ ತಿಂಗಳಿಗೆ ಮೂವತ್ತೈದು ಸಾವಿರದ ವ್ಯಾಪಾರ ಮಾಡುತ್ತದೆ. ಏಳು ತಿಂಗಳಿಗೊಮ್ಮೆ ತಿರುಗುವ ನವಣಿಗೆ ಆ ಭಾಗ್ಯವಿಲ್ಲ. ಹೊಸದಾಗಿ ಶುರು ಮಾಡುವ ಸಂಘ ಸಿರಿಧಾನ್ಯದ ಜೊತೆಗೆ ರೊಟ್ಟಿ, ಶೇಂಗಾ ಚಟ್ನಿ, ಶಾವಿಗೆಯಂಥ ಬೇಗ ತಿರುಗುವ ಒಂದು ಸರಕನ್ನು ಇಟ್ಟುಕೊಂಡರೆ ತಿಂಗಳ ಕೂಲಿಗೆ ಪರದಾಡುವುದು ತಪ್ಪುತ್ತದೆ.

ಬಾವುಟ ಕಲಿಸಿದ ಪಾಠ

ಧಾರವಾಡ ತಾಲೂಕಿನ ಗರಗದಲ್ಲಿ 1954ರಿಂದ ಖಾದಿ ಸಂಘ ಬಾವುಟದ ಬಟ್ಟೆ ನೇಯುತ್ತಿದೆ. ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರಿನಲ್ಲಿ. ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು ರಾಷ್ಟ್ರಧ್ವಜ ತಯಾರಿಸುವ ಏಕೈಕ ಘಟಕವೆಂದು ಅದು ಬಹಳ ಕಾಲ ಹೆಸರಾಗಿತ್ತು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಗೂಟ ಕಟ್ಟುವುದು ಹೀಗೆ ಆರು ಹಂತ. ಅಳತೆ ಒಂಬತ್ತು: 150×100 ಮಿಲಿಮೀಟರಿನ ಮೇಜಿನ ಬಾವುಟದಿಂದ 6,300×4,200 ಮಿಲಿಮೀಟರಿನ ದೊಡ್ಡದರವರೆಗೆ. ಚಕ್ರದ 24 ಅರಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕೂಡಬೇಕು. ಕೂಡದಿದ್ದರೆ ಬಾವುಟ ರದ್ದು.

ಇಂಥ ಕೆಲಸದಲ್ಲಿ ಸರಕಿನ ಬೆಲೆಯ ದೊಡ್ಡ ಪಾಲು ಕೈಗೂಲಿಯೇ. ಖಾದಿ ಆಯೋಗ 2025ರ ಏಪ್ರಿಲ್‌ನಿಂದ ಲಡಿಗೆ 15 ರೂಪಾಯಿ ನೂಲುವ ಕೂಲಿ ಗೊತ್ತು ಮಾಡಿದೆ. ಒಂದು ಲಡಿ 1,000 ಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಷ್ಟು ದೂರವೋ ಅಷ್ಟು ಉದ್ದದ, ಅಂದರೆ 20 ಕಿಲೋಮೀಟರ್ ನೂಲು ತೆಗೆದರೆ 300 ರೂಪಾಯಿ. ಇದಕ್ಕಿಂತ ಕಡಿಮೆ ಮಾಡಿ ಯಂತ್ರದ ಬಟ್ಟೆಯ ಜೊತೆ ಬೆಲೆಯಲ್ಲಿ ಸೆಣಸುವುದು ಆಗದ ಮಾತು.

ಅದಕ್ಕೆ ಅಡ್ಡಗೋಡೆಯಾಗಿ ನಿಂತಿದ್ದದ್ದು ಧ್ವಜ ಸಂಹಿತೆ. 2002ರ ಸಂಹಿತೆಯ ಪ್ರಕಾರ ಬಾವುಟ ಕೈಯಿಂದ ನೂತ, ಕೈಯಿಂದ ನೇಯ್ದ ಬಟ್ಟೆಯದೇ ಆಗಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ಮಾಡಿದ್ದಕ್ಕೂ, ಪಾಲಿಯೆಸ್ಟರಿಗೂ ಬಾಗಿಲು ತೆಗೆಯಿತು. 2022ರ ಆಗಸ್ಟಿನಲ್ಲಿ ಮನೆಮನೆಗೆ ತ್ರಿವರ್ಣ ಅಭಿಯಾನ ನಡೆದು ದೇಶದ ಉದ್ದಗಲಕ್ಕೆ ಬಾವುಟ ಹಾರಿದವು. ಹಿಂದೆಂದೂ ಇಲ್ಲದ ಆ ಬೇಡಿಕೆಯ ವರ್ಷವೇ ಬೆಂಗೇರಿಯ ಕೈಗಳಿಗೆ ಕೆಲಸ ಕಡಿಮೆಯಾದದ್ದು. ಮನೆಮನೆಗೂ ಬಾವುಟ ಮುಟ್ಟಬೇಕಾದರೆ ಅಗ್ಗದ್ದು ಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಸರ್ಕಾರಿ ಕಚೇರಿ, ಶಾಲೆಗಳ ಕಂಬಕ್ಕಾದರೂ ಖಾದಿಯನ್ನೇ ಉಳಿಸುವ ದಾರಿ ತೆರೆದೇ ಇತ್ತು, ಅದನ್ನು ಹಿಡಿಯಲಿಲ್ಲ.

ಉದ್ಯಮದ ಕಡೆಯಿಂದ ನೋಡಿದರೆ ಎರಡು ಬಲಹೀನತೆ ಒಟ್ಟಿಗೆ ಕಾಣುತ್ತವೆ. ಒಂದೇ ಸರಕು, ಅದಕ್ಕೆ ರಕ್ಷಣೆ ಕೊಟ್ಟದ್ದು ಒಂದೇ ನಿಯಮ. ಜೊತೆಗೆ ಗಿರಾಕಿ ಬರುವುದು ವರ್ಷಕ್ಕೆ ಎರಡೇ ಸುಗ್ಗಿಯಲ್ಲಿ, ಜನವರಿ 26 ಮತ್ತು ಆಗಸ್ಟ್ 15. ಬಟ್ಟೆಯನ್ನು ನಾಲ್ಕೈದು ತಿಂಗಳು ಮೊದಲೇ ನೇಯ್ದಿಡಬೇಕು, ಕೂಲಿಯನ್ನು ಆಗಲೇ ಕೊಡಬೇಕು. ಬೇಡಿಕೆ ಒಂದು ವರ್ಷ ಕೈಕೊಟ್ಟರೆ ನೇಯ್ದ ಬಟ್ಟೆ ಕಪಾಟಿನಲ್ಲಿ, ಮುಂದಿನ ನೂಲಿನ ಹಣವೂ ಅದರೊಳಗೇ. ನವಣಿಯ ಕಥೆಯೇ ಇಲ್ಲಿ ನೂಲಿನ ವೇಷದಲ್ಲಿದೆ.

ನವಲಗುಂದ ಜಮಖಾನೆ, ಧಾರವಾಡದ ಕಸೂತಿ ಎರಡಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಸೂಚಿಕೆ ನಕಲನ್ನು ತಡೆಯಬಹುದು, ಗಿರಾಕಿಯನ್ನು ಕರೆತರುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ನಾಲ್ಕೂ ಹೊಲಿಗೆ ಬಲ್ಲವಳಿಗೆ ಸೀರೆಯೊಂದಕ್ಕೆ ವಾರಗಟ್ಟಲೆ ಹಿಡಿದರೆ, ಕೂಲಿ ಕೊಡಬೇಕಾದ್ದು ಸೀರೆ ಮಾರಿದ ಮೇಲಲ್ಲ, ಹೊಲಿದು ಕೊಟ್ಟ ದಿನ.

ಮೆಣಸಿನಕಾಯಿ ಮತ್ತು ಮೂರನೆಯ ವರ್ಷ

ಹಾವೇರಿ, ಗದಗದ ಕಡೆ ಈಗ ಹೆಚ್ಚಾಗಿ ಕಾಣುವುದು ರೈತ ಉತ್ಪಾದಕ ಕಂಪನಿ. ಕನಿಷ್ಠ ಹತ್ತು ಮಂದಿ ಉತ್ಪಾದಕರು, ಐದು ಮಂದಿ ನಿರ್ದೇಶಕರು, ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ, ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕ. ಇದು ಕಾನೂನಿನ ಚೌಕಟ್ಟು. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ 10,000 ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಬೇಕಿತ್ತು. ನಿರ್ವಹಣೆಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ, ಷೇರು ಹಣಕ್ಕೆ ಸಮನಾಗಿ ಸದಸ್ಯನಿಗೆ 2,000ದಂತೆ 15 ಲಕ್ಷದವರೆಗೆ, 2 ಕೋಟಿವರೆಗಿನ ಸಾಲಕ್ಕೆ ಖಾತರಿ. ಒಳ್ಳೆಯ ಯೋಜನೆ. ತೊಡಕು ನಾಲ್ಕನೆಯ ವರ್ಷದ ಮೊದಲ ದಿನ ಶುರುವಾಗುತ್ತದೆ.

ಆ ದಿನದಿಂದ ಮುಖ್ಯಸ್ಥನ 25,000, ಲೆಕ್ಕಿಗನ 10,000 ಕಂಪನಿಯೇ ಕೊಡಬೇಕು. ವರ್ಷಕ್ಕೆ 4.2 ಲಕ್ಷ. ಬಾಡಿಗೆ, ಲೆಕ್ಕ ಪರಿಶೋಧನೆ, ಓಡಾಟ ಸೇರಿ 6 ಲಕ್ಷ ಎನ್ನೋಣ. ಗೊಬ್ಬರ, ಬೀಜ, ಕಾಳು ವ್ಯಾಪಾರದಲ್ಲಿ ಕೈಗೆ ಉಳಿಯುವುದು ಶೇ 3 ಆದರೆ ಈ 6 ಲಕ್ಷ ಹುಟ್ಟಲು 2 ಕೋಟಿ ವಹಿವಾಟು ಬೇಕು. ಮೂರು ವರ್ಷದಲ್ಲಿ 40, 50 ಲಕ್ಷ ಮುಟ್ಟಿದ ಕಂಪನಿ ಅಲ್ಲಿಗೆ ಬಾಗಿಲು ಎಳೆಯುತ್ತದೆ. ಬಾಗಿಲು ಎಳೆದರೂ ವಾರ್ಷಿಕ ಲೆಕ್ಕದ ನಮೂನೆಗಳು ತಪ್ಪುವುದಿಲ್ಲ. ತಡವಾದರೆ ನಮೂನೆಯೊಂದಕ್ಕೆ ದಿನಕ್ಕೆ 100 ರೂಪಾಯಿ ಏರುತ್ತ ಹೋಗುತ್ತದೆ. ಊರಿನ ನಿರ್ದೇಶಕರಿಗೆ ಇದು ಗೊತ್ತಾಗುವುದು ನೋಟಿಸು ಬಂದಾಗ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಈ ಕಂಪನಿಗಳು ಮಾಡಬಹುದಾದ ಕೆಲಸ ಬಹಳ ಇತ್ತು. ಅದರ ಡಬ್ಬಿ, ಕಡ್ಡಿ ಎಂಬ ಎರಡು ಬಗೆಯೂ ಖಾರಕ್ಕಿಂತ ಬಣ್ಣಕ್ಕೆ ಬೆಲೆ ತರುವ ಕಾಯಿ. ಬಣ್ಣ ತೆಗೆಯುವ ಕಾರ್ಖಾನೆಗಳು ಆಸ್ಟಾ ಎಂಬ ಅಂಕದಲ್ಲಿ ಅಳೆಯುತ್ತವೆ. ಬೆಳೆದವನು ಮಾರುಕಟ್ಟೆಯ ರಾಶಿಯ ಮುಂದೆ ಕಣ್ಣಂದಾಜಿಗೆ ಮಾರುತ್ತಾನೆ. ಮೊದಲ ಬಿಡಿಸಿನ ಕಾಯಿ ಬೇರೆ, ಮೂರನೆಯ ಬಿಡಿಸಿನದು ಬೇರೆ ಚೀಲದಲ್ಲಿಟ್ಟು, ನೆಲದ ಬದಲು ತಾಡಪತ್ರಿಯ ಮೇಲೆ ಒಣಗಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಅಂಕದ ಚೀಟಿ ಹಿಡಿದು ಟೆಂಡರಿಗೆ ಹೋದರೆ ಮಾತಿನ ತೂಕ ಬೇರೆಯಾಗುತ್ತದೆ. ತೂಕಕ್ಕೆಂದು ನೀರು ಚಿಮುಕಿಸುವ ಹಳೆಯ ಚಾಳಿ ಬೂಷ್ಟು ತರುತ್ತದೆ. ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಸಿಕ್ಕರೆ ರಫ್ತಿನವರು ಇಡೀ ಲಾಟು ತಿರುಗಿಸುತ್ತಾರೆ. ಹತ್ತು ಸದಸ್ಯರ ಕಾಯಿ ಒಂದೇ ಲಾಟಿನಲ್ಲಿದ್ದರೆ ಒಬ್ಬನ ನೀರಿಗೆ ಒಂಬತ್ತು ಜನ ಬೆಲೆ ತೆರಬೇಕಾಗುತ್ತದೆ. ಚೀಲಕ್ಕೊಂದು ಸದಸ್ಯ ಸಂಖ್ಯೆ ಬರೆಯದೆ ಒಟ್ಟು ಮಾರಾಟಕ್ಕೆ ಇಳಿಯಲೇಬಾರದು.

2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತು. ‘ಶೀತಲಗೃಹದಲ್ಲಿ ಇಟ್ಟು ಬೆಲೆ ಬಂದಾಗ ಮಾರಿ’ ಎಂಬ ಸಲಹೆ ಆಗ ಎಲ್ಲ ಕಡೆಯಿಂದ ಬಂತು. ಇಡಬಹುದು. ಬಾಡಿಗೆ ಇದೆ, ಬಡ್ಡಿ ಇದೆ. ವ್ಯಾಪಾರಿಗಳ ಹೋದ ವರ್ಷದ ದಾಸ್ತಾನೂ ಅದೇ ಶೀತಲಗೃಹದಲ್ಲಿ ಇದ್ದು ಈ ವರ್ಷದ ಬೆಲೆಯನ್ನು ಒತ್ತುತ್ತಿರುತ್ತದೆ. ಇಡುವುದು ಜೂಜಾಗಬಾರದು ಎಂದರೆ ಅರ್ಧ ಸರಕು ಸುಗ್ಗಿಯಲ್ಲೇ ಮಾರಿ ಸಾಲ ತೀರಿಸಿ, ಉಳಿದರ್ಧವನ್ನಷ್ಟೇ ಇಡುವ ನೇಮ ಒಳ್ಳೆಯದು.

ಸದಸ್ಯರೇ ಕಂಪನಿಗೆ ಕೊಡದೆ ದಲಾಲಿ ಅಂಗಡಿಗೆ ಹಾಕುತ್ತಾರೆ ಎಂಬ ದೂರು ಎಲ್ಲ ಮುಖ್ಯಸ್ಥರದು. ಅದನ್ನು ನಿಷ್ಠೆಯ ಕೊರತೆ ಎಂದು ಬೈಯುವುದು ಸುಲಭ. ಮಗಳ ಮದುವೆಗೆ, ಬೋರು ಕೆಟ್ಟಾಗ, ಗೊಬ್ಬರಕ್ಕೆ ಉಚಾಪತಿ ಕೊಟ್ಟವರು ದಲಾಲರು. ಅವರ ಅಂಗಡಿ ಒಂದು ಬಗೆಯ ಬ್ಯಾಂಕೇ. ಸಾಲ ಕೊಡದೆ ಸರಕು ಮಾತ್ರ ಕೇಳುವ ಕಂಪನಿ ಆ ಅಂಗಡಿಗೆ ಬದಲಿಯಾಗಲಾರದು.

ಯಾರ ಹಣ ಎಲ್ಲಿಗೆ ಒಗ್ಗುತ್ತದೆ

ಸಾಮಾಜಿಕ ಷೇರುಪೇಟೆಯ ಬಗ್ಗೆ ಉತ್ಸಾಹ ಬಹಳ. ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲನೆಯದಾಗಿ ಪಟ್ಟಿಯಾಗಿ 1.8 ಕೋಟಿ ಎತ್ತಿತು. ಲಾಭರಹಿತ ಸಂಸ್ಥೆಗಳು ಅಲ್ಲಿ ಹೊರಡಿಸುವ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ಹಿಂದಿರುಗುವುದಿಲ್ಲ; ಡಿಮ್ಯಾಟ್ ಖಾತೆಗೆ ಬರುವ ದಾನ ಎನ್ನಬಹುದು. ನೋಂದಣಿಗೇ ಮೂರು ವರ್ಷದ ಇತಿಹಾಸ, ಹಿಂದಿನ ವರ್ಷ ಕನಿಷ್ಠ 50 ಲಕ್ಷ ಖರ್ಚು ತೋರಿಸಬೇಕು. ಕುಂದಗೋಳದ ಸಂಘಕ್ಕೂ ಶಿಗ್ಗಾವಿಯ ಸಂಘಕ್ಕೂ ಅದು ಎಟುಕದ ಕೊಂಬೆ.

ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ, ಅಂದರೆ ಮೂರು ವರ್ಷದ ಸರಾಸರಿ ಲಾಭದ ಶೇ 2, ರೂಢಿಯಲ್ಲಿ ಯಂತ್ರ, ಕಟ್ಟಡ, ತರಬೇತಿಗೆ ಒಲಿಯುತ್ತದೆ. ಕಿರು ಆಹಾರ ಉದ್ದಿಮೆಗಳಿಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಕ್ಕೆ ಸಾಲದ ಜೊತೆ ಶೇ 35ರ ಸಹಾಯಧನವಿತ್ತು, ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ ಏರಿಸಿತು. ಎಲ್ಲರೂ ಓದಿದ್ದು ಆ ಸಾಲನ್ನೇ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜ ಬಂಡವಾಳ, ಸಣ್ಣ ಸಲಕರಣೆಗೂ ದುಡಿಯುವ ಬಂಡವಾಳಕ್ಕೂ. ಹತ್ತು ಮಂದಿಗೆ 4 ಲಕ್ಷ. ಮೇಲಿನ ಲೆಕ್ಕದ 100 ಕ್ವಿಂಟಲ್ ನವಣಿಗೆ ಅದು ಸಾಕಾಗುತ್ತದೆ. ಒಕ್ಕೂಟದ ಮೂಲಕ ಸಾಲದ ರೂಪದಲ್ಲಿ ಬರುವ ಈ ಹಣವನ್ನು ಮಿಕ್ಸರು, ತಕ್ಕಡಿಗೆ ಮುಗಿಸಿ ಕಾಳಿಗೆ ಮತ್ತೆ ಕಿರುಸಾಲದ ಬಾಗಿಲಿಗೆ ಹೋದರೆ ಬಂದೂ ಬಾರದ ಹಾಗೆ.

ಕಿರುಸಾಲವೂ ಒಂದು ಕಾಲಕ್ಕೆ ಸಾಮಾಜಿಕ ಉದ್ಯಮವೆಂದೇ ಶುರುವಾದದ್ದು. ವಾರದ ಕಂತು ನವಣಿಯ ಸುಗ್ಗಿಗೆ ಕಾಯುವುದಿಲ್ಲ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಹಾಗಾದರೆ ಗಿರಣಿ ಇಟ್ಟುಕೊಂಡ ಸಂಘ ಏನು ಮಾಡಬಹುದು? ಎಲ್ಲಕ್ಕಿಂತ ಮೊದಲು ಕೂಲಿ ಗಿರಣಿ. ಸ್ವಂತ ಕಾಳು 17 ದಿನ, ಉಳಿದ ದಿನ ರೈತರು ತಂದದ್ದನ್ನು ಕಿಲೋಕ್ಕಿಷ್ಟು ಎಂದು ಒಡೆದು ಕೊಡುವುದು. ಇದರಲ್ಲಿ ದಾಸ್ತಾನಿಲ್ಲ, ಉದ್ರಿಯಿಲ್ಲ, ಹೊಟ್ಟು ಗಿರಣಿಗೇ ಉಳಿಯುತ್ತದೆ. ಕಿಲೋಕ್ಕೆ 6 ರೂಪಾಯಿಯಂತೆ ದಿನಕ್ಕೆ ಮೂರೇ ಕ್ವಿಂಟಲ್ ಬಂದರೂ 1,800. ನೂರು ದಿನಕ್ಕೆ 1.8 ಲಕ್ಷ. ಹಿಂದಿನ ತಖ್ತೆಯ ಮೇಲುಳಿತದ ಎರಡರಷ್ಟು ಆಯಿತು. ಕರೆಂಟು, ಕೂಲಿ ಇದರಲ್ಲೇ ಕಳೆಯಬೇಕು ಎಂಬುದು ನಿಜ. ಹೆಸರು ಬರುವುದು ಮಾತ್ರ ಪೊಟ್ಟಣದ ಮೇಲೆ ಲೇಬಲ್ ಹಚ್ಚಿದವರಿಗೆ, ಆದ್ದರಿಂದ ಕೂಲಿ ಗಿರಣಿಯ ಬಗ್ಗೆ ಯಾರೂ ಪ್ರಸ್ತಾವ ಬರೆಯುವುದಿಲ್ಲ.

ಉತ್ಪಾದಕ ಕಂಪನಿಗಾದರೆ ಕಾನೂನೇ ಒಂದು ಅಸ್ತ್ರ ಕೊಟ್ಟಿದೆ. ಸದಸ್ಯನ ಸರಕಿನ ಬೆಲೆಯಲ್ಲಿ ಒಂದು ಪಾಲನ್ನು ತಡೆಹಿಡಿದು ಆಮೇಲೆ ಕೊಡಬಹುದು. ವರ್ಷದ ಕೊನೆಗೆ ಎಷ್ಟು ಸರಕು ಕೊಟ್ಟನೋ ಅದರ ಪ್ರಮಾಣದಲ್ಲಿ ಬೋನಸ್ಸು. ಶೇ 80 ಕೈಯಲ್ಲಿ, ಶೇ 20 ಯುಗಾದಿಗೆ ಎಂದರೆ ಖರೀದಿಯ ಐದನೆಯ ಒಂದು ಪಾಲು ಬಡ್ಡಿಯಿಲ್ಲದೆ ಸಿಕ್ಕ ಹಾಗೆ. ಯುಗಾದಿಗೆ ಕೊಡದೆ ಬಸವ ಜಯಂತಿಗೆ ದೂಡಿದರೆ ಮರುವರ್ಷ ಚೀಲ ಬರುವುದಿಲ್ಲ. ಆ 20ನ್ನು ಬೇರೆ ಖಾತೆಯಲ್ಲಿಟ್ಟು ಬೀಗ ಹಾಕಿದವರಷ್ಟೇ ಈ ದಾರಿ ಹಿಡಿಯಲಿ. ಅದಕ್ಕಿಂತ ದೊಡ್ಡ ಮೊತ್ತ ಬೇಕಾದರೆ ನೋಂದಾಯಿತ ಉಗ್ರಾಣದಲ್ಲಿ ಸರಕಿಟ್ಟು ಇ-ರಸೀದಿ ಪಡೆದು ಬ್ಯಾಂಕಿಗೆ ಅಡವಿಡುವುದು. ಮನೆಯ ಹಿಂದಿನ ಕೋಣೆಯ ದಾಸ್ತಾನಿಗೆ ಈ ರಸೀದಿ ಸಿಗದು, ತೇವ ಮತ್ತು ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗದ ಸರಕಿಗೂ ಸಿಗದು.

ಇನ್ನು ಅಂಗಡಿಯವರ ಉದ್ರಿ. ಸ್ವಸಹಾಯ ಸಂಘ, ಸಹಕಾರಿ, ಟ್ರಸ್ಟು ಯಾರೇ ಆದರೂ ತಯಾರಕರಾಗಿದ್ದರೆ ಕೇಂದ್ರ ಸರ್ಕಾರದ ಕಿರು, ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಪುಕ್ಕಟೆಯಾಗಿ ಆಗುತ್ತದೆ. ಆ ಸಂಖ್ಯೆ ಇದ್ದ ಕಿರು, ಸಣ್ಣ ಘಟಕಕ್ಕೆ ಬರಹದ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನದೊಳಗೆ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. 2023-24ರ ಲೆಕ್ಕದ ವರ್ಷದಿಂದ ಈಚೆಗೆ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಕೊಳ್ಳುಗನಿಗೆ ಆ ಖರ್ಚನ್ನು ಅದೇ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಮಾರ್ಚ್ ತಿಂಗಳಲ್ಲಿ ಅವರ ಲೆಕ್ಕಿಗರೇ ಬಾಕಿಗಳ ಪಟ್ಟಿ ಹಿಡಿದು ಕೂರುತ್ತಾರೆ. ಬಡ್ಡಿ ಕೇಳಿ ದೂರು ಕೊಟ್ಟರೆ ಅಂಗಡಿ ಮುಂದಿನ ಸಲ ಸರಕು ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅದಕ್ಕೆ ದೂರಿಗಿಂತ ಮೊದಲು ಮಾಡಬೇಕಾದ್ದು ಸಣ್ಣದು: ಉದ್ಯಮ್ ಸಂಖ್ಯೆ, ‘45 ದಿನ’ ಎರಡನ್ನೂ ಬಿಲ್ಲಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು, ಸರಕು ಮುಟ್ಟಿದ ದಿನಾಂಕಕ್ಕೆ ಅಂಗಡಿಯವರ ಸಹಿ ತೆಗೆದುಕೊಳ್ಳುವುದು. ಎಷ್ಟೋ ಸಂಘಗಳ ಬಿಲ್ ಪುಸ್ತಕದಲ್ಲಿ ದೇವರ ಹೆಸರಿದೆ, ಪ್ರಾಯೋಜಕರ ಲಾಂಛನವಿದೆ, ಈ ಎರಡು ಸಾಲಿಗೆ ಜಾಗ ಉಳಿದಿಲ್ಲ.